ಕ್ಲಾಸಿಕ್ 350ರ ಭಾರ ಇಳಿಸಲು ಅಲ್ಯೂಮಿನಿಯಂ ರಿಮ್, ಲಿಥಿಯಂ ಬ್ಯಾಟರಿ: ಯಾವುದಕ್ಕೆ ದುಡ್ಡು ಹಾಕಬಹುದು?

ಯುಸಿಇ ಎಂಜಿನ್ನಿನ (ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಕವಚದಲ್ಲಿರುವ) ಹಳೆಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕು ಪೆಟ್ರೋಲು ಸೇರಿ ಸುಮಾರು 190 ಕಿಲೋ. ಕಾಸರಗೋಡಿನ ಚೆರ್ಕಳ–ಜಾಲ್ಸೂರು ರಸ್ತೆಯ ತಿರುವುಗಳಲ್ಲಿ ಅಷ್ಟೂ ಭಾರ ಹೆಗಲಿಗೆ ಗೊತ್ತಾಗುತ್ತದೆ. ಮೊದಲ ಖರ್ಚು ಯಾವುದಕ್ಕೆ ಎಂದರೆ ನಮ್ಮ ಮತ ಅಲ್ಯೂಮಿನಿಯಂ ರಿಮ್ಮಿಗೆ. ತಕ್ಕಡಿಯಲ್ಲಿ ಇಳಿಯುವುದು ಸ್ವಲ್ಪವೇ, ಆದರೆ ಅದು ಸುತ್ತುವ ತೂಕ, ಶಾಕ್ ಅಬ್ಸಾರ್ಬರಿಗಿಂತ ಕೆಳಗಿನ ತೂಕ. ಹ್ಯಾಂಡಲ್ ಬೇಗ ತಿರುಗುತ್ತದೆ, ಕಿತ್ತುಹೋದ ಡಾಮರಿನಲ್ಲಿ ಚಕ್ರ ನೆಲ ಬಿಡುವುದು ಕಡಿಮೆ. ಉಪ್ಪುಗಾಳಿಗೆ ಉಕ್ಕಿನ ರಿಮ್ಮಿನ ಕ್ರೋಮ್ ಏಳುವ ತಲೆನೋವೂ ತಪ್ಪುತ್ತದೆ.

ಕೊಳ್ಳುವಾಗ ಕಡ್ಡಿಯ (ಸ್ಪೋಕಿನ) ತೂತುಗಳನ್ನು ಎಣಿಸಿಯೇ ತೆಗೆದುಕೊಳ್ಳಿ. 90/90-19 ಟೈರಿಗೆ 2.15 ಇಂಚು, 120/80-18ಕ್ಕೆ 2.75 ಇಂಚು ಅಗಲ ಸರಿ. ಹಳೆಯ ಕಡ್ಡಿ ಬಿಚ್ಚುವ ಮೊದಲು ಚಕ್ರದ ನಡುವಿನ ಹಬ್‌ನ ಅಂಚಿನಿಂದ ರಿಮ್ಮಿನ ಅಂಚಿಗೆ ಎಷ್ಟು ಅಂತರವಿದೆ ಎಂದು ಅಳೆದು ಬರೆದಿಡಬೇಕು. ಇಲ್ಲದಿದ್ದರೆ ಹಿಂದಿನ ಚಕ್ರ ಚೈನಿನ ಸಾಲಿನಲ್ಲಿ ನಿಲ್ಲುವುದಿಲ್ಲ. ಹೊಸ ರಿಮ್ಮಿನ ಆಕಾರ ಬೇರೆಯಾದ್ದರಿಂದ ಹಳೆಯ ಕಡ್ಡಿ ಉದ್ದವಾಗಿ, ಅದನ್ನು ರಿಮ್ಮಿಗೆ ಬಿಗಿಸುವ ನಿಪ್ಪಲ್ ದಾಟಿ ಒಳಕ್ಕೆ ಚಾಚಬಹುದು. ಟ್ಯೂಬು ಪದೇಪದೇ ಪಂಕ್ಚರ್ ಆಗುವುದು ಹೆಚ್ಚಾಗಿ ಇದರಿಂದಲೇ. ಚಾಚಿದ್ದನ್ನು ಅರದಿಂದ ಉಜ್ಜಿ, ಹೊಸ ರಿಮ್ ಟೇಪ್ ಹಾಕಿಸಿ. ನಿಪ್ಪಲಿಗೆ ಒಂದಿಷ್ಟು ಗ್ರೀಸ್ ಇರಲಿ. ಕರಾವಳಿಯಲ್ಲಿ ಹಿತ್ತಾಳೆ ನಿಪ್ಪಲ್ಲೂ ಅಲ್ಯೂಮಿನಿಯಮ್ಮೂ ಕಚ್ಚಿಕೊಂಡರೆ ಮತ್ತೆ ತಿರುಗುವುದಿಲ್ಲ. ಔಟ್ (ಚಕ್ರ ತಿರುಗುವಾಗಿನ ಓಲಾಟ) 1 ಮಿಲಿಮೀಟರಿಗೆ ಬರುವವರೆಗೆ ಎಳೆಸಿ, 300 ಕಿ.ಮೀ. ಆದ ಮೇಲೆ ಕಡ್ಡಿಗಳನ್ನು ಇನ್ನೊಮ್ಮೆ ಬಿಗಿಸಲೇಬೇಕು. ಹೆಚ್ಚಿನ ಗ್ಯಾರೇಜುಗಳು ಬಿಟ್ಟುಬಿಡುವುದು ಈ ಎರಡನೇ ಬಿಗಿತವನ್ನೇ. ಒಂದು ಕೊರತೆಯಿದೆ: ಗುಂಡಿಗೆ ಜೋರಾಗಿ ಬಿದ್ದರೆ ತೆಳ್ಳಗಿನ ಅಗ್ಗದ ರಿಮ್ ಬಿರುಕು ಬಿಡುತ್ತದೆ.

ಲಿಥಿಯಂ ಬ್ಯಾಟರಿಗೆ ಎರಡನೇ ಸ್ಥಾನ. 14 ಆ್ಯಂಪಿಯರ್-ಅವರ್ ಲೆಡ್ ಬ್ಯಾಟರಿಯ ಜಾಗಕ್ಕೆ ಬಂದರೆ ಸುಮಾರು ಮೂರು ಕಿಲೋ ಉಳಿತಾಯ. ಆದರೆ ಪೆಟ್ಟಿಗೆಯ ಮೇಲಿನ '14' ಬಹಳ ಸಲ ಲೆಡ್ಡಿಗೆ ಸಮಾನವೆಂಬ ಲೆಕ್ಕ, ನಿಜವಾದ ಸಾಮರ್ಥ್ಯ ಅದರ ಮೂರನೇ ಒಂದು ಭಾಗದಷ್ಟೇ ಇರುತ್ತದೆ. ಸೆಲ್ಫ್ ಚುರುಕಾಗಿ ಎಳೆಯುತ್ತದೆ, ಹೆಡ್‌ಲೈಟ್ ಮರೆತರೆ ಬೇಗ ಮಲಗುತ್ತದೆ. ಕೂರಿಸುವ ಮೊದಲು ಎಂಜಿನ್ ರೇಸ್ ಮಾಡಿ ಮಲ್ಟಿಮೀಟರ್ ಹಿಡಿಯಿರಿ. 14.2ರಿಂದ 14.6 ವೋಲ್ಟ್ ಬಂದರೆ ಸರಿ. 15 ದಾಟಿದರೆ ಮೊದಲು ಚಾರ್ಜಿನ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಬದಲಿಸಬೇಕು, ಇಲ್ಲದಿದ್ದರೆ ಹೊಸ ಬ್ಯಾಟರಿ ಉಬ್ಬಿ ಹಾಳಾಗುತ್ತದೆ. ನಿಂತ ಗಾಡಿಯಲ್ಲಿ 12.8 ವೋಲ್ಟ್ ತೋರಿದರೆ ಲಿಥಿಯಂ ಬ್ಯಾಟರಿ ಬಹುಪಾಲು ಖಾಲಿ, ಲೆಡ್ಡಿನ ಹಾಗೆ ತುಂಬಿದ ಗುರುತಲ್ಲ. ಗಾತ್ರ ಚಿಕ್ಕದಾದ್ದರಿಂದ ಸುತ್ತ ಫೋಮ್ ತುರುಕದಿದ್ದರೆ ಸಿಂಗಲ್ ಸಿಲಿಂಡರಿನ ನಡುಕಕ್ಕೆ ಟರ್ಮಿನಲ್ ಸಡಿಲವಾಗುತ್ತದೆ.

ಲೆಗ್ ಗಾರ್ಡ್, ಕ್ಯಾರಿಯರ್ ಬಿಚ್ಚಿದರೆ ಕೆಲವು ಕಿಲೋ ಪುಕ್ಕಟೆಯಾಗಿಯೇ ಇಳಿಯುತ್ತದೆ, ಬಿದ್ದಾಗ ಕಾಲಿಗಿದ್ದ ರಕ್ಷಣೆಯೂ ಹೋಗುತ್ತದೆ. ಹಗುರದ ಸೈಲೆನ್ಸರ್ ನಮ್ಮ ಶಿಫಾರಸಿನಲ್ಲಿಲ್ಲ: ಶಬ್ದಕ್ಕೆ ದಂಡ ಬೀಳುತ್ತದೆ, ಕೇರಳದ ಮೋಟಾರು ವಾಹನ ಇಲಾಖೆ ಮಾರ್ಪಾಡುಗಳ ಮೇಲೆ ಕಣ್ಣಿಟ್ಟೇ ಇರುತ್ತದೆ. ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕದಂತೆ ತಡೆಯುವ ಸಾರಿ ಗಾರ್ಡ್ ಮುಟ್ಟಲೇಬೇಡಿ. ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮರೆ ಇರಬೇಕು. ತೂಕ ಇಳಿಸಿದ ಮೇಲೆ ಹಿಂದಿನ ಶಾಕ್‌ಗಳ ಸ್ಪ್ರಿಂಗಿನ ಬಿಗಿತವನ್ನು ಒಂದು ಮೆಟ್ಟಿಲು ಸಡಿಲಿಸಿ ನೋಡಿ, ಎರಡೂ ಬದಿಗೆ ಒಂದೇ ಅಳತೆ ಇರಲಿ.