ಮದುವೆ ಸಿದ್ಧತಾ ಶಿಬಿರ: ಒಂದು ವರ್ಷದ ಸಂಸಾರದ ನಂತರ ಬರೆದ ವಿಮರ್ಶೆ

ನಮ್ಮ ಧರ್ಮಕ್ಷೇತ್ರದಲ್ಲಿ, ಅಂದರೆ ನಮ್ಮ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶದಲ್ಲಿ, ಕಥೋಲಿಕ ವಿಧಿಯಂತೆ ಮದುವೆಯಾಗಬೇಕಾದರೆ ಜ್ಞಾನಸ್ನಾನದ ಪತ್ರ ಮತ್ತು ದೃಢೀಕರಣ ಸಂಸ್ಕಾರದ ಪತ್ರಗಳ ಜೊತೆಗೆ ಮದುವೆ ಸಿದ್ಧತಾ ಶಿಬಿರಕ್ಕೆ ಹಾಜರಾದ ಪ್ರಮಾಣಪತ್ರವನ್ನೂ ಧರ್ಮಕೇಂದ್ರದ (ನಮ್ಮ ಊರಿನ ಚರ್ಚಿನ) ಗುರುಗಳಿಗೆ ಒಪ್ಪಿಸಬೇಕು. ಆದ್ದರಿಂದ ಶಿಬಿರಕ್ಕೆ ಬರುವವರಲ್ಲಿ ಹೆಚ್ಚಿನವರು ಡ್ರೈವಿಂಗ್ ಲೈಸೆನ್ಸಿಗಾಗಿ ಆರ್‌ಟಿಒ ಕಚೇರಿಗೆ ಹೋಗುವ ಮನಸ್ಸಿನಲ್ಲೇ ಬರುತ್ತಾರೆ. ನಾನೂ ಹಾಗೆಯೇ ಹೋದವಳು. ಶುಕ್ರವಾರ ಸಂಜೆ ಆರಂಭವಾಗಿ ಭಾನುವಾರ ಮಧ್ಯಾಹ್ನ ಊಟದೊಂದಿಗೆ ಮುಗಿದ ಆ ಶಿಬಿರಕ್ಕೆ ನಾವು ಇಬ್ಬರೂ ಸೇರಿ 2,400 ರೂಪಾಯಿ ಕಟ್ಟಿದ್ದೆವು. ಊಟ, ವಸತಿ ಅದರಲ್ಲೇ ಸೇರಿತ್ತು. ಶಿಬಿರ ಮುಗಿದ ದಿನವೇ ಬರೆದಿದ್ದರೆ ಊಟ ಚೆನ್ನಾಗಿತ್ತು, ಭಾಷಣ ಹೆಚ್ಚಾಯಿತು ಎಂದು ಎರಡು ಸಾಲು ಬರೆದು ಸುಮ್ಮನಾಗುತ್ತಿದ್ದೆನೇನೋ. ಸಂಸಾರ ಹೂಡಿ ಒಂದು ವರ್ಷವಾದ ಮೇಲೆ, ಅಲ್ಲಿ ಕೇಳಿದ್ದರಲ್ಲಿ ಯಾವುದು ಮನೆಯವರೆಗೂ ಬಂತು, ಯಾವುದು ಆ ಸಭಾಂಗಣದ ಪ್ಲಾಸ್ಟಿಕ್ ಕುರ್ಚಿಗಳ ನಡುವೆಯೇ ಉಳಿಯಿತು ಎಂಬುದು ಸ್ಪಷ್ಟವಾಗಿದೆ. ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಬೇರೆ ಕಡೆ ಹೋಗಿಬಂದ ಗೆಳತಿಯರು ಹೇಳಿಕೊಂಡ ಕೊರತೆಗಳೂ ಇವೇ.

ಮೊದಲ ಸಂಜೆಯ ಪಾಠವನ್ನು ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಕಾನೂನು ಓದಿಕೊಂಡಿದ್ದ ಒಬ್ಬ ಫಾದರ್ ತೆಗೆದುಕೊಂಡರು. ಕಾನೂನು ಎಂದ ಕೂಡಲೇ ಹಿಂದಿನ ಸಾಲಿನವರು ಮೊಬೈಲ್ ತೆಗೆದಿದ್ದರು, ಆದರೆ ಅವರ ಮೊದಲ ಪ್ರಶ್ನೆಗೇ ಎಲ್ಲರೂ ತಲೆಯೆತ್ತಿದರು. ನಿಮ್ಮ ಮದುವೆಯನ್ನು ಮಾಡಿಸುವವರು ಯಾರು ಎಂದು ಅವರು ಕೇಳಿದಾಗ, ನಾವೆಲ್ಲ ಒಕ್ಕೊರಲಿನಿಂದ ಗುರುಗಳು ಎಂದೆವು. ಅಲ್ಲವಂತೆ. ಲ್ಯಾಟಿನ್ ಪರಂಪರೆಯಲ್ಲಿ (ಕಥೋಲಿಕ ಚರ್ಚಿನ ಪಾಶ್ಚಾತ್ಯ ಶಾಖೆಯಲ್ಲಿ) ಮದುವೆಯ ಸಂಸ್ಕಾರವನ್ನು ವಧೂವರರೇ ಒಬ್ಬರಿಗೊಬ್ಬರು ನೀಡಿಕೊಳ್ಳುತ್ತಾರೆ, ಗುರುಗಳು ಧರ್ಮಸಭೆಯ ಪರವಾಗಿ ಆ ಸಮ್ಮತಿಯನ್ನು ಕೇಳಿ ಸ್ವೀಕರಿಸುವ ಸಾಕ್ಷಿ ಮಾತ್ರ. 1983ರ ಧರ್ಮಸಭಾ ಸಂಹಿತೆಯ 1057ನೆಯ ವಿಧಿಯ ಪ್ರಕಾರ ಮದುವೆಯನ್ನು ಉಂಟುಮಾಡುವುದು ಆ ಇಬ್ಬರ ಸಮ್ಮತಿಯೇ ಹೊರತು ಮತ್ತೇನೂ ಅಲ್ಲ, ಆ ಸಮ್ಮತಿಯನ್ನು ಅವರ ಬದಲಿಗೆ ಕೊಡುವ ಶಕ್ತಿ ಲೋಕದ ಯಾವ ಅಧಿಕಾರಕ್ಕೂ ಇಲ್ಲ. ಅಪ್ಪನಿಗೂ ಇಲ್ಲ, ಬಿಷಪ್ಪರಿಗೂ ಇಲ್ಲ ಎಂದು ಫಾದರ್ ತಾವೇ ಸೇರಿಸಿದರು. ಬಲವಂತಕ್ಕೆ ಅಥವಾ ಘೋರ ಭಯಕ್ಕೆ ಸಿಕ್ಕಿ ಹೇಳಿದ ಒಪ್ಪಿಗೆಯಿಂದ ಮದುವೆಯೇ ಆಗುವುದಿಲ್ಲವೆಂದೂ, ಛತ್ರದ ಮುಂಗಡ ಹಣ ವಾಪಸು ಬರುವುದಿಲ್ಲವೆಂಬುದು ಒಪ್ಪಿಗೆಗೆ ಕಾರಣವಾಗಬಾರದೆಂದೂ ಅವರು ಹೇಳಿದಾಗ ನಗು ಎದ್ದಿತಾದರೂ, ನಗದೆ ಕುಳಿತಿದ್ದ ಒಂದೆರಡು ಮುಖಗಳು ನನಗೆ ಇನ್ನೂ ನೆನಪಿವೆ.

ಆ ಪಾಠದ ಬೆಲೆ ನನಗೆ ತಿಳಿದದ್ದು ಎರಡು ತಿಂಗಳ ಬಳಿಕ, ಧರ್ಮಕೇಂದ್ರದಲ್ಲಿ ಮದುವೆಗೆ ಮುಂಚಿನ ವಿಚಾರಣೆ ನಡೆದಾಗ. ಗುರುಗಳು ನಮ್ಮಿಬ್ಬರನ್ನು ಬೇರೆಬೇರೆಯಾಗಿ ಕರೆದರು. ನನ್ನ ಅಮ್ಮ ಜೊತೆಗೇ ಒಳಗೆ ಬರಲು ಹೊರಟಾಗ ಅವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಬಾಗಿಲು ಮುಂದೆ ಮಾಡಿ, “ಏನಮ್ಮಾ, ಈ ಮದುವೆಗೆ ನಿನ್ನನ್ನು ಯಾರಾದರೂ ಬಲವಂತ ಮಾಡಿದ್ದಾರಾ?” ಎಂದು ಕೇಳಿ, ನನ್ನ ಉತ್ತರವನ್ನು ಬರೆದುಕೊಂಡು, ಅದರ ಕೆಳಗೆ ನನ್ನಿಂದಲೇ ಸಹಿ ಹಾಕಿಸಿದರು. ನೋಡಲು ಬಂದ ದಿನದಿಂದ ಆವತ್ತಿನವರೆಗೆ ಮನೆಯವರು, ನೆಂಟರು, ದರ್ಜಿ, ಕೊನೆಗೆ ಫೋಟೋ ತೆಗೆಯುವವನು ಕೂಡ ನನ್ನನ್ನು ನೂರು ಪ್ರಶ್ನೆ ಕೇಳಿದ್ದರು. ಈ ಒಂದನ್ನು ಕೇಳಿದವರು ಅವರೊಬ್ಬರೇ. ಶಿಬಿರಕ್ಕೆ ಹೋಗದಿದ್ದರೆ ಅದನ್ನೂ ಅರ್ಜಿಯ ಒಂದು ಖಾನೆಯೆಂದೇ ತಿಳಿದು ದಾಟಿಬಿಡುತ್ತಿದ್ದೆ.

ಶನಿವಾರದ ಬೆಳಗ್ಗೆ ಪ್ರೀತಿಯ ಬಗ್ಗೆ ಎರಡು ಗಂಟೆಗಳ ಉಪನ್ಯಾಸವಿತ್ತು. ಅದರಲ್ಲಿ ಅರ್ಧದಷ್ಟು ಸಮಯ ಗ್ರೀಕ್ ಭಾಷೆಯ ಎರೋಸ್, ಫಿಲಿಯ, ಅಗಾಪೆ ಪದಗಳ ವಿವರಣೆಗೆ ಹೋಯಿತು. ಒಲವು, ಅಕ್ಕರೆ, ಮಮತೆ, ಸಲಿಗೆ, ಕಕ್ಕುಲಾತಿ ಎಂದು ಇಷ್ಟೊಂದು ಮಾತುಗಳಿರುವ ಭಾಷೆಯವರಿಗೆ ಪ್ರೀತಿಯ ಬಗೆಗಳನ್ನು ತಿಳಿಸಲು ಗ್ರೀಸಿನವರೆಗೆ ಏಕೆ ಹೋಗಬೇಕಿತ್ತೋ ನಾನರಿಯೆ. ಉಳಿದರ್ಧ ಮಾತ್ರ ಬೆಲೆಯುಳ್ಳದ್ದು. ಸಂತ ತೋಮಸ್ ಅಕ್ವಿನಾಸರು ಅರಿಸ್ಟಾಟಲನ ಮಾತನ್ನೇ ಎತ್ತಿಕೊಂಡು, ಮತ್ತೊಬ್ಬರಿಗೆ ಒಳಿತಾಗಬೇಕೆಂದು ಇಚ್ಛಿಸುವುದೇ ಪ್ರೀತಿ ಎಂದರು. ಇಲ್ಲಿ ಇಚ್ಛೆ ಎಂದರೆ ಆಸೆಯಲ್ಲ, ಕೈಯಲ್ಲಿ ನೀರು ಹಿಡಿದು ಮಾಡುವಂಥ ಸಂಕಲ್ಪ ಎಂದು ಉಪನ್ಯಾಸಕರು ಬಿಡಿಸಿ ಹೇಳಿದರು. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥವು ಸದ್ಗುಣವನ್ನು ಒಳ್ಳೆಯದನ್ನು ಮಾಡುವ ಸ್ಥಿರವಾದ ರೂಢಿ ಎಂದು ವಿವರಿಸುತ್ತದೆ. ಒಮ್ಮೆ ಉಕ್ಕಿಬಂದ ಒಳ್ಳೆಯತನಕ್ಕೆ ಆ ಹೆಸರು ಸಲ್ಲುವುದಿಲ್ಲ. ವಿವೇಕ, ನ್ಯಾಯ, ಸ್ಥೈರ್ಯ, ಸಂಯಮ ಎಂಬ ನಾಲ್ಕನ್ನು ಕರಿಹಲಗೆಯ ಮೇಲೆ ಬರೆದು, ಇವು ನಾಲ್ಕೂ ಇಲ್ಲದವನ ಪ್ರೀತಿ ಮೊದಲ ಹೆರಿಗೆಯ ಆಸ್ಪತ್ರೆ ಬಿಲ್ಲಿನವರೆಗೂ ಬಾರದು ಎಂದಾಗ ನಮ್ಮ ಪಕ್ಕದ ಹುಡುಗ ಬರೆದುಕೊಳ್ಳತೊಡಗಿದ.

ಇಷ್ಟೆಲ್ಲ ಕೇಳಿದ ಮೇಲೂ ರೂಢಿಯೆಂದರೆ ಏನೆಂದು ನನಗೆ ಅರ್ಥವಾದದ್ದು ಮಧ್ಯಾಹ್ನ ಬಂದ ದಂಪತಿಯಿಂದ. ಅವರು ಯಾವ ಪದವಿಯನ್ನೂ ಹೇಳಿಕೊಳ್ಳಲಿಲ್ಲ. ಆತ ಕಾರ್ಖಾನೆಯೊಂದರಿಂದ ನಿವೃತ್ತರಾದವರು, ಆಕೆ ಹೊಲಿಗೆ ಕೆಲಸದವರು, ಮದುವೆಯಾಗಿ ಇಪ್ಪತ್ತಾರು ವರ್ಷ. ಮದುವೆಯಾದ ಹೊಸದರಲ್ಲಿ ಅವರ ಬೀದಿಗೆ ನಲ್ಲಿ ನೀರು ಬೆಳಗಿನ ಜಾವ ನಾಲ್ಕಕ್ಕೆ ಬರುತ್ತಿತ್ತಂತೆ, ಹೆಂಡತಿಗೆ ಬೆನ್ನುನೋವು ಇದ್ದುದರಿಂದ ಕೊಡ ಹೊರುವ ಕೆಲಸ ಗಂಡನ ಪಾಲಿಗೆ ಬಂತಂತೆ. “ಮೊದಲ ಮೂರು ವರ್ಷ ಇವರು ಕೊಡ ಕುಕ್ಕುವ ಸದ್ದಿಗೆ ಪಕ್ಕದ ಮನೆಯವರಿಗೂ ಎಚ್ಚರವಾಗುತ್ತಿತ್ತು,” ಎಂದು ಆಕೆ ಹೇಳಿದರು. “ನೀರು ತಂದಿದ್ದೇನೆ ಅನ್ನೋದು ನನಗೆ ಗೊತ್ತಾಗಬೇಕಲ್ಲ, ಅದಕ್ಕೆ.” ಸದ್ದು ಯಾವಾಗ ನಿಂತಿತೆಂದು ಯಾರೋ ಕೇಳಿದಾಗ ಆತ ತುಸು ಯೋಚಿಸಿ, ತನಗೆ ಗೊತ್ತಿಲ್ಲ ಎಂದರು, ನಿಂತಿರುವುದನ್ನು ತಾನು ಗಮನಿಸಿದ್ದೇ ಮಗಳು ಶಾಲೆಗೆ ಸೇರಿದ ಮೇಲೆ ಎಂದರು. ಎರಡು ಗಂಟೆಗಳ ಉಪನ್ಯಾಸದ ಸಾರವನ್ನು ಆತ ಒಂದು ಕೊಡದಲ್ಲಿ ತುಂಬಿಟ್ಟಿದ್ದರು.

ಅದೇ ದಂಪತಿಯ ಗೋಷ್ಠಿಯಲ್ಲಿ ಶಿಬಿರದ ಅತ್ಯಂತ ಕಠಿಣ ಪ್ರಶ್ನೆಯೂ ಎದ್ದಿತು. ಬೈಬಲಿನಲ್ಲಿ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿಮೂರನೆಯ ಅಧ್ಯಾಯದಲ್ಲಿ ಪ್ರೀತಿಯ ಲಕ್ಷಣಗಳನ್ನು ಹೇಳುವಾಗ ತಾಳ್ಮೆಯನ್ನೇ ಮೊದಲು ಇಡುತ್ತಾರೆ. ಆಕೆ ಅದನ್ನು ವಿವರಿಸುತ್ತ ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಎತ್ತಿದಾಗ, ಮೂರನೆಯ ಸಾಲಿನ ಒಬ್ಬಳು ಎದ್ದು ನಿಂತು, ತನ್ನ ಅಕ್ಕನಿಗೂ ಎಲ್ಲರೂ ಇದೇ ಗಾದೆಯನ್ನು ಹೇಳಿದರೆಂದೂ, ಹೊಡೆಸಿಕೊಂಡು ತಾಳುವುದಕ್ಕೂ ಈ ಮಾತು ಅನ್ವಯಿಸುತ್ತದೆಯೇ ಎಂದೂ ನೇರವಾಗಿ ಕೇಳಿದಳು. ಸಭಾಂಗಣದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆಕೆ ಗಾದೆಯನ್ನು ಸಮರ್ಥಿಸಲು ಹೋಗದೆ, ತಪ್ಪು ಜಾಗದಲ್ಲಿ ಬಳಸಿದೆನೆಂದು ಒಪ್ಪಿಕೊಂಡರು. ಶುಕ್ರವಾರ ಪಾಠ ಮಾಡಿದ ಫಾದರ್ ಹಿಂದಿನಿಂದ ಎದ್ದುಬಂದು, ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬದ ಕುರಿತು ಹೊರಡಿಸಿದ ‘ಅಮೋರಿಸ್ ಲೆತೀಸಿಯಾ’ ಎಂಬ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಪೌಲರ ಇದೇ ಮಾತುಗಳನ್ನು ಒಂದೊಂದಾಗಿ ಬಿಡಿಸುತ್ತ, ತಾಳ್ಮೆಯೆಂದರೆ ಸದಾ ಕೆಟ್ಟದಾಗಿ ನಡೆಸಿಕೊಳ್ಳಲು ಬಿಡುವುದಾಗಲಿ, ಏಟನ್ನು ಸಹಿಸುವುದಾಗಲಿ ಅಲ್ಲವೆಂದು ಸ್ಪಷ್ಟಪಡಿಸಿರುವುದನ್ನು ತಿಳಿಸಿದರು. ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಘೋರ ಅಪಾಯವಿದ್ದರೆ ಬೇರೆ ಇರಲು ಧರ್ಮಸಭೆಯ ಕಾನೂನೇ ಅವಕಾಶ ಕೊಡುತ್ತದೆ ಎಂದೂ ಹೇಳಿದರು. ಈ ಉತ್ತರ ಯಾರೋ ಕೇಳಿದ್ದರಿಂದ ಬಂತು, ಕೇಳದಿದ್ದರೆ ಬರುತ್ತಿರಲಿಲ್ಲ ಎಂಬುದು ನನ್ನ ಮೊದಲ ದೂರು. ಇಂಥ ಮಾತು ಪಠ್ಯದಲ್ಲೇ ಇರಬೇಕು.

ಎರಡನೆಯ ದೂರು ಭಾಷೆಯದು. ಕನ್ನಡದವರ ತಂಡವೆಂದು ಪ್ರತ್ಯೇಕವಾಗಿ ನಡೆಸಿದ ಶಿಬಿರದಲ್ಲಿ ಪರದೆಯ ಮೇಲೆ ಮೂಡಿದ್ದೆಲ್ಲ ಇಂಗ್ಲಿಷ್. ಮಾತು ಕನ್ನಡ, ಬರಹ ಇಂಗ್ಲಿಷ್, ವಿಡಿಯೊದಲ್ಲಿ ನಗುತ್ತಿದ್ದ ಗಂಡಹೆಂಡಿರು ಯಾವ ದೇಶದವರೋ. ಹಳ್ಳಿಯ ಧರ್ಮಕೇಂದ್ರದಿಂದ ಬಂದಿದ್ದ ಒಂದು ಜೋಡಿ ಇದರಿಂದ ಬಹಳ ಹಿಂಜರಿಯಿತು.

ಮೂರನೆಯದು ಇನ್ನೂ ದೊಡ್ಡದು. ಪೋಪ್ ಆರನೆಯ ಪೌಲರು 1968ರಲ್ಲಿ ಹೊರಡಿಸಿದ ವಿಶ್ವಪತ್ರದಲ್ಲಿ, ದಾಂಪತ್ಯದ ಕೂಡುವಿಕೆಯಿಂದ ಸಂತಾನದ ಸಾಧ್ಯತೆಯನ್ನು ಉದ್ದೇಶಪೂರ್ವಕವಾಗಿ ಬೇರ್ಪಡಿಸಬಾರದೆಂದು ಹೇಳಿ, ಕೃತಕ ಗರ್ಭನಿರೋಧವನ್ನು ಒಪ್ಪದೆ, ಹೆಣ್ಣಿನ ದೇಹದ ಸಹಜ ಚಕ್ರವನ್ನು ಅರಿತು ನಡೆಯುವುದನ್ನು ಮಾತ್ರ ಒಪ್ಪಿದರು. ಇದನ್ನು ಒಪ್ಪುವುದೂ ಬಿಡುವುದೂ ಓದುಗರಿಗೆ ಬಿಟ್ಟದ್ದು. ಆದರೆ ಗಂಡಹೆಂಡಿರಿಬ್ಬರಿಂದಲೂ ಇಷ್ಟು ಸಂಯಮ, ಇಷ್ಟು ಲೆಕ್ಕಾಚಾರ ಬೇಡುವ ಬೋಧನೆಯನ್ನು ಮುಂದಿಡುವವರು ಅದನ್ನು ಪಾಲಿಸುವ ವಿಧಾನವನ್ನು ಕಲಿಸಲು ಮುಕ್ಕಾಲು ಗಂಟೆ ಮಾತ್ರ ಕೊಟ್ಟರೆ ಹೇಗೆ? ಆಸ್ಟ್ರೇಲಿಯದ ವೈದ್ಯ ದಂಪತಿ ಜಾನ್ ಮತ್ತು ಎವಲಿನ್ ಬಿಲ್ಲಿಂಗ್ಸ್ ರೂಪಿಸಿದ, ಆ ಸಹಜ ಚಕ್ರವನ್ನು ಗುರುತಿಸುವ ವಿಧಾನವನ್ನು ಪಾಠಕ್ಕೆ ಬಂದಿದ್ದ ಡಾಕ್ಟರು ಚೆನ್ನಾಗಿಯೇ ಹೇಳತೊಡಗಿದರು, ಆದರೆ ಪಟ್ಟಿ ತುಂಬುವುದು ಹೇಗೆಂದು ತೋರಿಸುವ ಹೊತ್ತಿಗೆ ಊಟದ ಗಂಟೆ ಬಾರಿಸಿತು. ನಾವು ಹೆಸರಿಲ್ಲದೆ ಬರೆದು ಡಬ್ಬಿಗೆ ಹಾಕಿದ ಪ್ರಶ್ನೆಗಳ ಚೀಟಿಗಳು ಡಬ್ಬಿಯಲ್ಲೇ ಉಳಿದವು.

ಅನ್ಯಧರ್ಮದವರನ್ನು ಮದುವೆಯಾಗುವ ಎರಡು ಜೋಡಿಗಳೂ ಅಲ್ಲಿದ್ದವು. ಹುಟ್ಟುವ ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿ ಕಥೋಲಿಕರಾಗಿ ಬೆಳೆಸಲು ತನ್ನಿಂದಾದಷ್ಟೂ ಮಾಡುವೆನೆಂದು ಮಾತು ಕೊಡಬೇಕಾದುದು ಕಥೋಲಿಕ ಸಂಗಾತಿಯೇ ಹೊರತು ಇನ್ನೊಬ್ಬರಲ್ಲ. ಇನ್ನೊಬ್ಬರಿಗೆ ಆ ಮಾತಿನ ವಿಷಯ ಮೊದಲೇ ತಿಳಿದಿರಬೇಕು, ಅಷ್ಟೆ. ಈ ಸೂಕ್ಷ್ಮವನ್ನು ಹತ್ತು ನಿಮಿಷಗಳಲ್ಲಿ ಹೇಳಿ ಮುಗಿಸಲಾಯಿತು. ಆ ಹುಡುಗರಲ್ಲಿ ಒಬ್ಬ ಮೂರೂ ದಿನ ಕೈಕಟ್ಟಿ ಕೂತಿದ್ದ. ಅವನ ಮನಸ್ಸಿನಲ್ಲಿ ಏನಿದೆಯೆಂದು ಯಾರೂ ಕೇಳಲಿಲ್ಲ.

ಇನ್ನು ಪ್ರಶ್ನಾವಳಿ. ಶನಿವಾರ ರಾತ್ರಿ ಹುಡುಗರನ್ನು ಒಂದು ಕೋಣೆಯಲ್ಲಿ, ಹುಡುಗಿಯರನ್ನು ಇನ್ನೊಂದರಲ್ಲಿ ಕೂರಿಸಿ ನಲವತ್ತು ಪ್ರಶ್ನೆಗಳ ಹಾಳೆ ಕೊಟ್ಟರು. ಬಳಿಕ ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಮಕ್ಕಳು, ಪ್ರಾರ್ಥನೆ, ಅತ್ತೆಮಾವನ ಆರೈಕೆ ಎಲ್ಲದರಲ್ಲೂ ನಮ್ಮ ಉತ್ತರಗಳು ಹೊಂದಿದವು. ಮದುವೆಯ ಬಳಿಕ ನಿಮ್ಮ ಸಂಬಳದಲ್ಲಿ ತವರಿಗೆ ಕಳಿಸುತ್ತೀರಾ ಎಂಬ ಪ್ರಶ್ನೆಗೆ ನಾನು ಹೌದು ಎಂದೂ, ಹೆಂಡತಿ ಕಳಿಸುತ್ತಾಳೆಯೇ ಎಂಬುದಕ್ಕೆ ಅವರು ಅಗತ್ಯ ಬೀಳದು ಎಂದೂ ಬರೆದಿದ್ದೆವು. ಹೊಂದದ ಉತ್ತರಗಳನ್ನು ಏನು ಮಾಡಬೇಕೆಂದು ಹೇಳುವವರು ಯಾರೂ ಇರಲಿಲ್ಲ. ಹಾಳೆಗಳನ್ನು ಮಡಿಸಿ ಮನೆಗೆ ಒಯ್ಯಿರಿ ಎಂದರು. ಅಂಗಳದ ಮಾವಿನ ಮರದ ಕೆಳಗೆ ಹನ್ನೊಂದು ಗಂಟೆಯವರೆಗೆ ನಾವಿಬ್ಬರೇ ಮಾತಾಡಿ, ಅರ್ಧ ಜಗಳವಾಡಿ, ಒಂದು ಮೊತ್ತವನ್ನು ನಿಗದಿ ಮಾಡಿಕೊಂಡೆವು. ಆ ಹಾಳೆ ಈಗಲೂ ಅಕ್ಕಿ ಡಬ್ಬದ ಮೇಲಿನ ಅರೆಯಲ್ಲಿದೆ.

ಪೋಪ್ ಫ್ರಾನ್ಸಿಸರು ಮನೆಯಲ್ಲಿ ಮೂರು ಮಾತುಗಳು ತಪ್ಪಬಾರದು ಎನ್ನುತ್ತಿದ್ದರು: ದಯವಿಟ್ಟು, ಧನ್ಯವಾದ, ಕ್ಷಮಿಸು. ಶಿಬಿರದಲ್ಲಿ ಇವನ್ನು ನಮ್ಮಿಂದ ಜೋರಾಗಿ ಹೇಳಿಸಿದರು. ಕನ್ನಡದ ಮನೆಯಲ್ಲಿ ಕಾಫಿ ಕೊಟ್ಟ ಹೆಂಡತಿಗೆ ಗಂಡ ಧನ್ಯವಾದಗಳು ಎಂದರೆ ಅವಳು ತನ್ನಿಂದೇನು ತಪ್ಪಾಯಿತೆಂದು ನೋಡಿಯಾಳು. ನಮ್ಮಲ್ಲಿ ಆ ಕೆಲಸವನ್ನು ‘ಒಂಚೂರು’ ಎಂಬ ಪದವೋ, ‘ನೀನು ಊಟ ಮಾಡಿದೆಯಾ’ ಎಂಬ ಪ್ರಶ್ನೆಯೋ ಮಾಡುತ್ತದೆ. ದಿನ ಮುಗಿಯುವ ಮುನ್ನ ರಾಜಿಯಾಗಬೇಕು, ಅದಕ್ಕೆ ಒಂದು ಸಣ್ಣ ಸನ್ನೆ ಸಾಕು ಎಂಬ ಅವರ ಮತ್ತೊಂದು ಸಲಹೆ ಮಾತ್ರ ಅನುವಾದವಿಲ್ಲದೆ ಮನೆಗೆ ಬಂದಿದೆ. ಕಳೆದ ಆಷಾಢದಲ್ಲಿ ಮೈದುನನ ಕಾಲೇಜು ಫೀಜಿನ ವಿಷಯಕ್ಕೆ ಮಾತು ಬೆಳೆದು ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಸ್ವಲ್ಪ ಹೊತ್ತಿಗೆ ನನ್ನವರು ಎದ್ದುಹೋಗಿ, ಅಡುಗೆಮನೆಯಲ್ಲಿ ಬಿಟ್ಟುಬಂದಿದ್ದ ನನ್ನ ಫೋನನ್ನು ತಂದು ಚಾರ್ಜಿಗೆ ಹಾಕಿ, ಸದ್ದಾಗದಂತೆ ಸ್ಟೂಲಿನ ಮೇಲಿಟ್ಟರು.

2022ರಲ್ಲಿ ವ್ಯಾಟಿಕನ್ ಮದುವೆಯ ಸಿದ್ಧತೆಗೆ ಹೊಸ ಮಾರ್ಗಸೂಚಿ ಹೊರಡಿಸಿದಾಗ, ಗುರುಗಳಾಗುವವರಿಗೆ ವರ್ಷಗಟ್ಟಲೆ ತರಬೇತಿ ಕೊಡುವ ಧರ್ಮಸಭೆ ಮದುವೆಯಾಗುವವರಿಗೆ ಕೆಲವೇ ವಾರಗಳನ್ನು ಕೊಡುವುದು ನ್ಯಾಯವಲ್ಲವೆಂದು ಪೋಪ್ ಫ್ರಾನ್ಸಿಸರು ಅದರ ಮುನ್ನುಡಿಯಲ್ಲೇ ಬರೆದರು. ನಮಗೆ ಸಿಕ್ಕಿದ್ದು ವಾರಗಳೂ ಅಲ್ಲ, ಒಂದು ವಾರಾಂತ್ಯ. ಮದುವೆಯಾದ ಆರು ತಿಂಗಳಿಗೆ ಮತ್ತೊಮ್ಮೆ ಕರೆದು ಒಂದು ದಿನ ಕೂರಿಸಿದ್ದರೆ ಆ ಚೀಟಿಗಳ ಡಬ್ಬಿಯನ್ನು ತೆರೆಯಬಹುದಿತ್ತು.

ಊಟಕ್ಕೆ ಪೂರ್ತಿ ಅಂಕ; ಶನಿವಾರದ ಬಿಸಿಬೇಳೆಬಾತ್ ಎರಡನೆಯ ಸಲವೂ ಸಿಕ್ಕಿತು. ಹೊದಿಕೆ ತೆಳು, ಒಂದು ಶಾಲು ಜೊತೆಗಿರಲಿ. ಪಾಪನಿವೇದನೆಗೆ ಶನಿವಾರ ಸಂಜೆ ಉದ್ದನೆಯ ಸಾಲು ಇರುವುದರಿಂದ ಜಪಸರದ ಪ್ರಾರ್ಥನೆಗೆ ಮೊದಲೇ ಹೋಗಿ ನಿಲ್ಲುವುದು ಒಳ್ಳೆಯದು. ಯಾವ ಕೇಂದ್ರದಲ್ಲಿ ಹೆಸರು ಬರೆಸುವುದಾದರೂ ಮೊದಲು ಫೋನು ಮಾಡಿ, ಮಾತನಾಡಲು ಬರುವವರಲ್ಲಿ ಸಂಸಾರ ಮಾಡಿ ಇಪ್ಪತ್ತು ವರ್ಷ ಕಳೆದ ಸಾಧಾರಣ ಗಂಡಹೆಂಡಿರು ಇದ್ದಾರೆಯೇ ಎಂದು ಕೇಳಿ. ಇಲ್ಲವೆಂದರೆ, ಮದುವೆಯ ದಿನ ಅಷ್ಟು ಹತ್ತಿರವಿಲ್ಲದಿದ್ದರೆ, ಮುಂದಿನ ತಂಡದವರೆಗೆ ಕಾಯಿರಿ.