ಮಣಿಕಟ್ಟು ಯಾವಾಗ ಬಿಡಬೇಕು? ಮೂರು ಬಗೆಯಲ್ಲಿ ಹೊಡೆದು ನೋಡಿದೆ

"ಸಾರ್, ಕೈ ಬೇಗ ಬಿಡ್ತಾ ಇದೀರ." ಗಾಲ್ಫ್ ಅಭ್ಯಾಸ ಮಾಡುವ ರೇಂಜಿನಲ್ಲಿ ಪಕ್ಕ ನಿಂತಿದ್ದ, ಆಟಗಾರರ ಚೀಲ ಹೊರುವ ಹಳೇ ಕ್ಯಾಡಿಯೊಬ್ಬರು ಹೀಗಂದಾಗ ನನಗೆ ಅಚ್ಚರಿಯೇನೂ ಆಗಲಿಲ್ಲ. ವರ್ಷಗಳಿಂದ ಕೇಳಿದ ಮಾತೇ. ತಡವಾಗಿ ಬಿಡಿ ಅಂತ ಎಲ್ಲರೂ ಹೇಳುತ್ತಾರೆ, ಎಷ್ಟು ತಡ ಅಂತ ಯಾರೂ ಹೇಳುವುದಿಲ್ಲ. ಅದಕ್ಕೇ ಆರು ವಾರ ಮೂರು ಬಗೆಯಲ್ಲೂ ಹೊಡೆದು ನೋಡಿದೆ.

ಕ್ಲಬ್, ಅಂದರೆ ಗಾಲ್ಫ್ ಕೋಲು, ಮೇಲೆತ್ತಿದಾಗ ಎಡಗೈಗೂ ಕ್ಲಬ್ಬಿಗೂ ನಡುವೆ ಸುಮಾರು 90 ಡಿಗ್ರಿ ಮಡಿಕೆ ಬೀಳುತ್ತದೆ. ಕೆಳಗೆ ಬರುವಾಗ ಆ ಮಡಿಕೆ ಬಿಚ್ಚಿಕೊಳ್ಳುವುದೇ ರಿಲೀಸ್. ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ದಾರ ಬಿಡುವ ಹೊತ್ತು ಸ್ವಲ್ಪ ಆಚೀಚೆಯಾದರೂ ಕಲ್ಲು ಪಕ್ಕದ ಹೊಲದಲ್ಲಿ!

ಮಧ್ಯಮ ದೂರಕ್ಕೆ ಹೊಡೆಯುವ ಸೆವೆನ್ ಐರನ್ ಮತ್ತು ತುಂಬ ದೂರಕ್ಕೆ ಹೊಡೆಯುವ ಡ್ರೈವರ್, ಈ ಎರಡು ಕ್ಲಬ್ಬುಗಳಲ್ಲೂ ಪ್ರತಿ ಬಗೆಗೆ ವಾರಕ್ಕೆ 20 ಚೆಂಡು. ಎಲ್ಲಿ ತಗಲಿತು ಅಂತ ಕಾಣಲಿ ಎಂದು ಕ್ಲಬ್ ಮುಖಕ್ಕೆ ಪೌಡರ್ ಸವರಿದ್ದೆ. ಮ್ಯಾಟ್ ಬಿಟ್ಟು ಹುಲ್ಲಿನ ಮೇಲೆ ಹೊಡೆದೆ. ಮ್ಯಾಟ್ ಸುಳ್ಳು ಹೇಳುತ್ತದೆ. ಚೆಂಡಿಗಿಂತ ಹಿಂದೆ ನೆಲಕ್ಕೆ ಹೊಡೆದರೂ ಕ್ಲಬ್ ಜಾರಿಕೊಂಡು ಬಂದು ಚೆಂಡನ್ನು ಎತ್ತಿಬಿಡುತ್ತದೆ. ಹುಲ್ಲಿನಲ್ಲಾದರೆ ಹೆಂಟೆ ಎದ್ದು ಮುಖಕ್ಕೇ ಬರುತ್ತದೆ.

ಮೊದಲನೆಯದು ನನ್ನ ಹಳೇ ಚಾಳಿ, ಬೇಗ ಬಿಡುವುದು. ಗಾಳ ಎಸೆದ ಹಾಗೆ ಮೇಲಿನಿಂದಲೇ ಮಣಿಕಟ್ಟು ಬಿಚ್ಚುವುದು. ಹಾಗೆ ಬಿಚ್ಚಿದರೆ ಕ್ಲಬ್ಬಿನ ತಲೆ ಚೆಂಡು ಮುಟ್ಟುವ ಮೊದಲೇ ತನ್ನ ವೇಗವನ್ನೆಲ್ಲ ಖರ್ಚು ಮಾಡಿರುತ್ತದೆ. ಅದು ಕೈಗಳನ್ನು ದಾಟಿ ಮುಂದೆ ಹೋಗುವುದರಿಂದ ಸ್ವಿಂಗಿನ ತಳ, ಅಂದರೆ ಬೀಸು ನೆಲಕ್ಕೆ ತೀರ ಹತ್ತಿರ ಬರುವ ಜಾಗ, ಚೆಂಡಿನ ಹಿಂದಕ್ಕೆ ಸರಿಯುತ್ತದೆ, ಕ್ಲಬ್ ಮುಖ ಆಕಾಶ ನೋಡುತ್ತದೆ. ಸೆವೆನ್ ಐರನ್‌ನಲ್ಲಿ 115 ಯಾರ್ಡ್ ದಾಟಿದರೆ ಅದೇ ಹಬ್ಬ. 20ರಲ್ಲಿ ಏಳೆಂಟು ಫ್ಯಾಟ್ (ಚೆಂಡಿಗಿಂತ ಮೊದಲು ನೆಲಕ್ಕೆ), ಮೂರ್ನಾಲ್ಕು ಥಿನ್ (ಕ್ಲಬ್ಬಿನ ಕೆಳ ಅಂಚು ಚೆಂಡಿಗೆ). ವಿಚಿತ್ರ ಏನೆಂದರೆ ಡ್ರೈವರ್‌ನಲ್ಲಿ ಇಷ್ಟು ಕೆಡಲಿಲ್ಲ. ಚೆಂಡು ಟೀ ಅನ್ನುವ ಪುಟ್ಟ ಗೂಟದ ಮೇಲೆ ಎತ್ತರದಲ್ಲಿ ಕೂತಿರುತ್ತದೆ, ಅದನ್ನು ಹೇಗೂ ಕ್ಲಬ್ ಮೇಲೇರುವಾಗ ಹೊಡೆಯುವುದೇ ಒಳ್ಳೆಯದು. ಹಾಗಾಗಿ ತಪ್ಪು ಮುಚ್ಚಿಹೋಗುತ್ತದೆ. 190 ಯಾರ್ಡ್ ಹತ್ತಿರ, ಎತ್ತರಕ್ಕೆ, ನೇರವಾಗಿಯೇ ಹೋಯಿತು. ಇಷ್ಟು ವರ್ಷ ಈ ಚಾಳಿ ಬಿಡದೆ ಇದ್ದಿದ್ದಕ್ಕೆ ಡ್ರೈವರೇ ಕಾರಣ ಇರಬೇಕು.

ಎರಡನೆಯದು, ಹಿಡಿದಿಟ್ಟು ಕೊನೆಗೆ ಬಿಡುವುದು. ಕ್ಲಬ್ ಅರ್ಧ ಕೆಳಗೆ ಬಂದಾಗ ತೆಗೆದ ಸ್ಪೇನಿನ ಗಾಲ್ಫರ್ ಸೆರ್ಜಿಯೊ ಗಾರ್ಸಿಯಾ ಫೋಟೊ ನೋಡಿದ್ದೀರಾ? ಕೈ ಸೊಂಟದ ಹತ್ತಿರ ಬಂದಿದ್ದರೂ ಕ್ಲಬ್ ಇನ್ನೂ ಹೆಗಲ ಹಿಂದೆಯೇ ಇರುತ್ತದೆ. ಅದೇ ಲ್ಯಾಗ್. ಅದನ್ನು ನೋಡಿ ಹಾಳಾದವರ ಪಟ್ಟಿಯಲ್ಲಿ ನನ್ನದೂ ಒಂದು ಹೆಸರು. ಚೆನ್ನಾಗಿ ಕೂತಾಗ, ನಿಜ, ಸೆವೆನ್ ಐರನ್ 150 ಯಾರ್ಡ್ ಹೋಯಿತು. ಆ ಸದ್ದೇ ಬೇರೆ. ಆದರೆ 20ರಲ್ಲಿ ಅಂಥವು ನಾಲ್ಕೇ. ಉಳಿದವು ಬಲಕ್ಕೆ, ಯಾಕೆಂದರೆ ಹಿಡಿದಿಟ್ಟ ಮಣಿಕಟ್ಟು ಕ್ಲಬ್ ಮುಖವನ್ನೂ ತೆರೆದೇ ಇಡುತ್ತದೆ. ಎರಡು ಶ್ಯಾಂಕ್ ಆಗಿ, ಅಂದರೆ ಕ್ಲಬ್ಬಿನ ಕುತ್ತಿಗೆಗೆ ತಗಲಿ, ಪಕ್ಕದವರ ಕಡೆ ಹಾರಿದವು. ಕ್ಷಮೆ ಕೇಳಿದೆ. ಡ್ರೈವರ್‌ನಲ್ಲಿ ಒಮ್ಮೆ 215, ಮರುಕ್ಷಣವೇ ನೆಲ ಹಿಡಿದು ಬಲಕ್ಕೆ ಬಾಗಿ ಹೋಗುವ ಸ್ಲೈಸ್. ಪೌಡರ್‌ನಲ್ಲಿ ಗುರುತುಗಳು ಕ್ಲಬ್ ಮುಖದ ಹಿಮ್ಮಡಿಯಿಂದ ತುದಿಯವರೆಗೆ, ಚೆಲ್ಲಿದ ಮಂಡಕ್ಕಿ ಥರ.

ಯಾಕೆ ಹೀಗೆ ಅಂತ ಯೋಚಿಸಿದರೆ ಲೆಕ್ಕ ಸುಲಭ. ಮೇಲಿನಿಂದ ಚೆಂಡಿನವರೆಗೆ ಬರಲು ಕ್ಲಬ್ಬಿಗೆ ಸುಮಾರು ಕಾಲು ಸೆಕೆಂಡ್ ಸಾಕು. ಚೆಂಡು ಕ್ಲಬ್ಬಿಗೆ ಅಂಟಿರುವುದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು. 'ಈಗ ಬಿಡು' ಅಂತ ತಲೆ ಹೇಳಿ ಕೈ ಕೇಳುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ, ಅಲ್ವಾ?

ಮೂರನೆಯದನ್ನು ಕಲಿಸಿದ್ದು ಕಣ್ಣಲ್ಲ, ಕಿವಿ. ಕ್ಲಬ್ ತಲೆಕೆಳಗೆ ಹಿಡಿದು ಚೆಂಡಿಲ್ಲದೆ ಬೀಸಿದೆ. ಬೇಗ ಬಿಟ್ಟರೆ ಸುಂಯ್ ಸದ್ದು ಬಲ ಹೆಗಲ ಹತ್ತಿರವೇ ಬರುತ್ತದೆ. ಅದು ಎಡಗಾಲಿನ ಮುಂದೆ ಬರುವವರೆಗೆ ಬೀಸುತ್ತಲೇ ಇದ್ದೆ. ಹಿಡಿತ ಸಡಿಲ ಮಾಡಿದೆ, ಸೊಂಟವನ್ನು ಮೊದಲು ತಿರುಗಿಸಿದೆ, ಮಣಿಕಟ್ಟನ್ನು ಅದರ ಪಾಡಿಗೆ ಬಿಟ್ಟೆ. ಒಗೆಯುವ ಕಲ್ಲಿಗೆ ಸೀರೆ ಬಡಿಯುವವರು ಮಣಿಕಟ್ಟಿನ ಬಗ್ಗೆ ಯೋಚಿಸುತ್ತಾರೆಯೇ? ಮೈ ತಿರುಗುತ್ತದೆ, ತೋಳು ನಿಧಾನವಾಗುತ್ತದೆ, ಸೀರೆಯ ತುದಿ ಚಟೀರ್ ಅನ್ನುತ್ತದೆ. ಕ್ಲಬ್ಬಿನಲ್ಲೂ ಹಾಗೇ. ಕೈಗಳ ವೇಗ ಇಳಿದಾಗ ಅದು ಕ್ಲಬ್ಬಿನ ತಲೆಗೆ ದಾಟುತ್ತದೆ.

ಸೆವೆನ್ ಐರನ್ 138ರಿಂದ 143, 20ರಲ್ಲಿ ಹದಿಮೂರು ಹದಿನಾಲ್ಕು. ಹುಲ್ಲು ಕಿತ್ತ ಗುರುತು ಚೆಂಡಿನ ಮುಂದೆ. ಡ್ರೈವರ್ 205ರ ಆಸುಪಾಸು. ಎರಡನೇ ಬಗೆಯ ಅತ್ಯುತ್ತಮ ಹೊಡೆತಕ್ಕಿಂತ ಕಡಿಮೆ, ಒಪ್ಪುತ್ತೇನೆ. ಆದರೆ ಅದರ ಸರಾಸರಿ ಇದರ ಹತ್ತಿರಕ್ಕೂ ಬರುವುದಿಲ್ಲ. ನಮ್ಮ ಬೆಂಗಳೂರಿನ ಗಾಲ್ಫರ್ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದಾಗ ಜೊತೆಯವರಲ್ಲಿ ಹೆಚ್ಚಿನವರು ಅವರಿಗಿಂತ ದೂರ ಹೊಡೆಯುತ್ತಿದ್ದರು. ಆದರೂ ಕಂಚು ತಪ್ಪಿದ್ದು ಒಂದೇ ಹೊಡೆತದಿಂದ.

ಐರನ್‌ಗಳಲ್ಲಿ ನಾನೀಗ ಪೂರ್ತಿ ಮೂರನೇ ಬಗೆ. ಡ್ರೈವರ್‌ನಲ್ಲೂ ಅದೇ ಅನ್ನಬೇಕು. ಆದರೆ ಆಟ ಶುರುವಾಗುವ ಮೊದಲ ಟೀಯಲ್ಲಿ ಹಿಂದೆ ನಾಲ್ಕು ಜನ ನಿಂತು ನೋಡುತ್ತಿದ್ದರೆ ಸುಂಯ್ ಸದ್ದು ಇವತ್ತಿಗೂ ಬಲ ಹೆಗಲ ಹತ್ತಿರವೇ.