153 ಹಲ್ಲೋ, 168 ಹಲ್ಲೋ? ಹಳೆ ಶೆವರ್ಲೆ ಪಿಕಪ್‌ಗೆ ಫ್ಲೈವೀಲ್ ಮತ್ತು ಸ್ಟಾರ್ಟರ್

ಅಮೆರಿಕದಲ್ಲಿ ಹಳೆ ಶೆವರ್ಲೆ ಸಿ10 ಪಿಕಪ್‌ಗೆ 350 ವಿ8 (350 ಘನ ಇಂಚಿನ, ಎಂಟು ಸಿಲಿಂಡರಿನ) ಇಂಜಿನ್ ಕೂರಿಸುವವರು ತುಂಬ ಜನ. ಇಂಜಿನ್ ಕೂರಿಸೋದು ಅಷ್ಟೇನೂ ಕಷ್ಟವಲ್ಲ. ತಕರಾರು ಶುರುವಾಗುವುದು ಕೀ ತಿರುಗಿಸಿದಾಗ. ಫ್ಲೈವೀಲ್ ಅಂದರೆ ಇಂಜಿನ್ ಹಿಂಬದಿಯಲ್ಲಿ ತಿರುಗುವ, ಅಂಚಿಗೆ ಹಲ್ಲಿರುವ ಭಾರದ ಚಕ್ರ; ಆ ಹಲ್ಲಿಗೆ ಸಿಕ್ಕಿಸಿಕೊಂಡು ಇಂಜಿನ್ ತಿರುಗಿಸುವ ಮೋಟಾರೇ ಸ್ಟಾರ್ಟರ್. ಫ್ಲೈವೀಲ್ ಒಂದು ಜಾತಿ, ಸ್ಟಾರ್ಟರ್ ಇನ್ನೊಂದು ಜಾತಿ ಆದರೆ ಹಲ್ಲು ಹಾಳು. 1978ರ ನನ್ನ ಗಾಡಿಯಲ್ಲಿ 153 ಹಲ್ಲಿನದು, 168 ಹಲ್ಲಿನದು ಎರಡೂ ಜೋಡಿ ಹಾಕಿ ಓಡಿಸಿದ್ದೇನೆ.

ಕೊಳ್ಳುವ ಮುಂಚೆ ಇಂಜಿನ್ ಯಾವ ಕಾಲದ್ದು ನೋಡಿಕೊಳ್ಳಿ. 1986ರ ಹೊತ್ತಿಗೆ ಹಿಂಬದಿಯ ಆಯಿಲ್ ಸೀಲ್ ಒಂದೇ ತುಂಡಿನದಾಯಿತು. ಜೊತೆಗೆ ಕ್ರ್ಯಾಂಕ್‌ನಲ್ಲಿ (ಫ್ಲೈವೀಲ್ ಕೂರುವ ಇಂಜಿನ್ ದಂಡದಲ್ಲಿ) ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ 3.58 ಇಂಚಿನಿಂದ 3 ಇಂಚಿಗೆ ಇಳಿಯಿತು. ಹಳೆಯದರ ಫ್ಲೈವೀಲ್ ಹೊಸದಕ್ಕೆ ಕೂರುವುದೇ ಇಲ್ಲ. 400 ಇಂಜಿನ್‌ನ ಫ್ಲೈವೀಲ್ ಹಳೆ 350ಕ್ಕೆ ಕೂರುತ್ತದೆ, ಆದರೆ ಅದರಲ್ಲಿ ಬ್ಯಾಲೆನ್ಸ್ ತೂಕ ಇರುತ್ತದೆ. ಹಾಕಿದರೆ ಇಂಜಿನ್ ನಡುಗುತ್ತದೆ.

153 ಹಲ್ಲಿನದು ಚಿಕ್ಕದು, ಸುಮಾರು 12.75 ಇಂಚು. ಇಂಜಿನ್ ವೇಗ ಚುರುಕಾಗಿ ಏರುತ್ತದೆ, ಕಾರಿಗೆ ಚೆನ್ನ. ನನ್ನ ಪಿಕಪ್‌ನಲ್ಲಿ ಟ್ರೇಲರ್ ಎಳೆದು ಏರಿನಲ್ಲಿ ಹೊರಡುವಾಗ ಕ್ಲಚ್ ಜಾಸ್ತಿ ಜಾರಿಸಬೇಕಾಯಿತು. 168ರದ್ದು 14 ಇಂಚು. ಭಾರವೂ ಹೆಚ್ಚು, 11 ಇಂಚಿನ ಕ್ಲಚ್ ಹಿಡಿಸುತ್ತದೆ. ಅದೇ ಟ್ರೇಲರ್, ಅದೇ ಏರು, ಗಾಡಿ ಮೆಲ್ಲಗೆ ಹೊರಟುಬಿಡುತ್ತದೆ. ಇದಕ್ಕೆ ದೊಡ್ಡ ಬೆಲ್ ಹೌಸಿಂಗ್ (ಫ್ಲೈವೀಲ್, ಕ್ಲಚ್ ಮುಚ್ಚುವ ಕವಚ) ಬೇಕು. ಪಿಕಪ್‌ನಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ ಅಲ್ವಾ, ಹಾಗಾಗಿ ನನ್ನ ಓಟು 168ಕ್ಕೆ.

ಸ್ಟಾರ್ಟರ್ ಆರಿಸುವಾಗ ಗಾಡಿಯ ಹೆಸರು ಹೇಳಬೇಡಿ, ಹಲ್ಲು ಎಣಿಸಿ ಹೇಳಿ. 153ಕ್ಕೆ ಬರುವ ಸ್ಟಾರ್ಟರ್‌ನ ಎರಡು ಬೋಲ್ಟ್‌ಗಳು ಒಂದೇ ಸಾಲಿನಲ್ಲಿ ಇರುತ್ತವೆ, 168ರದ್ದು ಓರೆಯಾಗಿ. ಎಷ್ಟೋ ಇಂಜಿನ್ ಬ್ಲಾಕ್‌ಗಳಲ್ಲಿ ಎರಡಕ್ಕೂ ತೂತು ಕೊರೆದಿರುತ್ತಾರೆ. ಬೋಲ್ಟ್ ಹಿಡಿಯಿತು ಅಂದರೆ ಜೋಡಿ ಸರಿ ಅಂತ ಅರ್ಥವಲ್ಲ.

ಮೋಟಾರೇ ನೇರವಾಗಿ ತಿರುಗಿಸುವ ಹಳೆ ಡೈರೆಕ್ಟ್ ಡ್ರೈವ್ ಸ್ಟಾರ್ಟರ್ ಗಟ್ಟಿ, ಆದರೆ ತುಂಬ ಭಾರ. ಎಕ್ಸಾಸ್ಟ್ ಪಕ್ಕದಲ್ಲಿ ಕಾದ ಮೇಲೆ ಸೋಮಾರಿಯಂತೆ ತಿರುಗುತ್ತಿತ್ತು. ಒಳಗೆ ಗೇರ್ ಇಟ್ಟು ಬಲ ಹೆಚ್ಚಿಸುವ ಗೇರ್ ರಿಡಕ್ಷನ್‌ನದು ಹಗುರ. ಬಿಸಿ ಇಂಜಿನ್ನೂ ಜೋರಾಗಿ ತಿರುಗುತ್ತದೆ. ಇದರ ವಿಷಯದಲ್ಲಿ ನನಗೆ ಎರಡನೇ ಯೋಚನೆ ಇಲ್ಲ.

ಯಾವುದೇ ಹಾಕಿ, ಸಂದು ನೋಡಲೇಬೇಕು. ಪಿನಿಯನ್ (ಸ್ಟಾರ್ಟರ್‌ನ ಚಿಕ್ಕ ಹಲ್ಲುಚಕ್ರ) ಮುಂದೆ ಎಳೆದು ಹಲ್ಲುಗಳ ನಡುವೆ ತಂತಿ ತೂರಿಸಿ ನೋಡಿ. ಇಂಜಿನ್ ಹತ್ತುವ ಮುಂಚೆ ಸ್ಟಾರ್ಟರ್ ಕೀಚಲು ಸದ್ದು ಮಾಡಿದರೆ ಸಂದು ಜಾಸ್ತಿ, ಸ್ಟಾರ್ಟರ್ ಮತ್ತು ಬ್ಲಾಕ್ ನಡುವಿನ ಶಿಮ್ (ತೆಳು ತಗಡು) ತೆಗೆಯಿರಿ. ಹತ್ತಿದ ಮೇಲೆ ಕೀ ಬಿಡುವಾಗ ಕೀಚಿದರೆ ಸಂದು ಕಮ್ಮಿ, ಶಿಮ್ ಸೇರಿಸಿ. ಸುಮ್ನೆ ಅಂಗಡಿಯ ಮಾಮೂಲಿ ಬೋಲ್ಟ್ ಹಾಕಬೇಡಿ. ಸ್ಟಾರ್ಟರ್ ಬೋಲ್ಟ್‌ನ ಕತ್ತಿನಲ್ಲಿ ಸಣ್ಣ ಗೀರುಗಳಿರುತ್ತವೆ, ಸ್ಟಾರ್ಟರ್ ಅಲುಗದಂತೆ ಹಿಡಿಯುವುದೇ ಅವು. ಹಳೆ ಭಾರದ ಸ್ಟಾರ್ಟರನ್ನೇ ಉಳಿಸಿಕೊಳ್ಳುತ್ತೀರಾದರೆ ಗಾಡಿಯ ಮುಂಭಾಗದ ಕಡೆಗಿರುವ ಅದರ ತುದಿಗೆ ಆಸರೆ ಕೊಡುವ ಬ್ರಾಕೆಟ್ ಬಿಸಾಡಬೇಡಿ. ಅದಿಲ್ಲದಿದ್ದರೆ ಫ್ಲೈವೀಲ್ ಕಡೆಗಿರುವ ಸ್ಟಾರ್ಟರ್ ಮೂತಿಯೇ ಬಿರುಕು ಬಿಡಬಹುದು.